ಗೆನ್ನಾಡಿಗೆ ಕೇಳಿಸದ ಕೊಳಲು

ಹೋದ ಶನಿವಾರ ಮಧ್ಯಾಹ್ನ ಸಿಡ್ನಿಯ ಒಂದು ಟೌನ್ ಹಾಲ್‌ನಲ್ಲಿ ಸಂಗೀತ ಕೇಳಲು ಕೂತಿದ್ದೆ. ಐವತ್ತು ಜನರ ಆರ್ಕೆಸ್ಟ್ರಾ. ಅವರು ನುಡಿಸುತ್ತಿದ್ದ ಸಿಂಫನಿಯನ್ನು ಬರೆದವರು ನನ್ನ ಪಕ್ಕದಲ್ಲೇ ಇದ್ದರು. ಅವರಿಗೆ ಅದರಲ್ಲಿ ಅರ್ಧ ಕೇಳಿಸುತ್ತಿರಲಿಲ್ಲ.

ಕಾರಣ ನಾನು. (ಪೂರ್ತಿ ನೀವಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಹೆಂಡತಿ ಇನ್ನೇನು ಹೇಳಿಯಾಳು?)

ಅವರ ಹೆಸರು ಗೆನ್ನಾಡಿ. 1989ರಲ್ಲಿ ನಾನು ಮೆಲ್ಬರ್ನ್‌ಗೆ ಬಂದ ಹೊಸತು. ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯೊಂದರಲ್ಲಿ ಇಬ್ಬರಿಗೂ ಒಂದೇ ವಾರ ಕೆಲಸ ಸಿಕ್ಕಿತು. ನನ್ನ ಮೈಸೂರಿನ ಎಂಜಿನಿಯರಿಂಗ್ ಡಿಗ್ರಿಗೆ ಇಲ್ಲಿ ಬೆಲೆಯಿಲ್ಲ. ರಷ್ಯಾದ ಲೆನಿನ್‌ಗ್ರಾಡ್‌ನಲ್ಲಿ ಅವರು ಬರೆದ ಸಂಗೀತಕ್ಕೆ ಅಲ್ಲೇ ಬೆಲೆಯಿರಲಿಲ್ಲ. ಇಬ್ಬರೂ ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಂತೆವು.

ಊಟದ ಬ್ರೇಕಿನಲ್ಲಿ ಚೂರುಚೂರಾಗಿ ಅವರ ಕಥೆ ತಿಳಿಯಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಲೆನಿನ್‌ಗ್ರಾಡ್‌ಗೆ ಮುತ್ತಿಗೆ ಹಾಕಿದಾಗ ಅವರಿಗೆ ಒಂಬತ್ತು ವರ್ಷ. ತಿನ್ನಲು ಏನೂ ಇಲ್ಲ. ಅವರಮ್ಮ ತನ್ನ ಪಾಲಿನ ಬ್ರೆಡ್ಡನ್ನು ಮಗನಿಗೆ ಕೊಟ್ಟು, ಪಕ್ಕದಲ್ಲಿ ಮಲಗಿ, ಮೆಲ್ಲಗೆ ಶಿಳ್ಳೆಯಲ್ಲಿ ಒಂದು ಹಾಡು ಕೇಳಿಸುತ್ತಿದ್ದರಂತೆ. ಬಾಯಿಬಿಟ್ಟು ಹಾಡುವಷ್ಟು ತ್ರಾಣ ಎಲ್ಲಿತ್ತು? ಒಂದು ಬೆಳಿಗ್ಗೆ ಶಿಳ್ಳೆ ಇಲ್ಲ. ಅಮ್ಮನೂ ಇಲ್ಲ.

ದೊಡ್ಡವರಾದ ಮೇಲೆ ಆ ಶಿಳ್ಳೆಯನ್ನು ಕೊಳಲಿಗೆ ಕೊಟ್ಟು ಸಿಂಫನಿ ಬರೆದರು. ರಿಹರ್ಸಲ್ ನೋಡಲು ಬಂದ ಸರ್ಕಾರಿ ಅಧಿಕಾರಿಗಳು, ದುಃಖ ಜಾಸ್ತಿಯಾಯಿತು, ಕೊನೆಯಲ್ಲಿ ಗೆಲುವಿರಲಿ ಎಂದರು. ಇವರು ಒಪ್ಪಲಿಲ್ಲ. ಸಿಂಫನಿ ಕಪಾಟು ಸೇರಿತು. ಇವರು ಮಕ್ಕಳ ರೇಡಿಯೋ ಕಾರ್ಯಕ್ರಮಕ್ಕೆ ಟ್ಯೂನ್ ಹಾಕುತ್ತಾ ವರ್ಷಗಳನ್ನು ಕಳೆದರು. ಹೆಂಡತಿ ತೀರಿಕೊಂಡ ಮೇಲೆ ದೇಶ ಬಿಟ್ಟರು. ಹೊರಡುವಾಗ ಕಸ್ಟಮ್ಸ್‌ನವರು ಕೈಬರಹದ ಹಾಳೆಗಳನ್ನೆಲ್ಲ ಕಿತ್ತುಕೊಂಡರು.

"ಪೇಪರ್ ತಾನೆ? ತಲೆಯೊಳಗೆ ಇದೆ," ಎನ್ನುತ್ತಿದ್ದರು. ದಿನಾ ಬ್ರೆಡ್ ಕಚ್ಚುತ್ತಾ, ಹಳೆಯ ರಟ್ಟಿನ ಮೇಲೆ ಗೆರೆ ಎಳೆದು, ಇಡೀ ಸಿಂಫನಿಯನ್ನು ನೆನಪಿನಿಂದ ಮತ್ತೆ ಬರೆಯತೊಡಗಿದರು.

ಅಷ್ಟರಲ್ಲಿ ರಿಸೆಷನ್ ಬಂತು. ಫ್ಯಾಕ್ಟರಿಯಲ್ಲಿ ಅರ್ಧ ಜನರನ್ನು ಮನೆಗೆ ಕಳಿಸಿದರು. ನನ್ನನ್ನು ಮಾತ್ರ ಲೀಡಿಂಗ್ ಹ್ಯಾಂಡ್ ಮಾಡಿದರು. ಮೇಸ್ತ್ರಿ ಅಂದುಕೊಳ್ಳಿ. ಪ್ರತಿ ಶುಕ್ರವಾರ ಸೇಫ್ಟಿ ಫಾರ್ಮ್ ತುಂಬುವುದು ನನ್ನ ಕೆಲಸ. ಪ್ರೆಸ್ಸಿನ ಸದ್ದಿನಿಂದ ಕಿವಿ ಕಾಯುವ ಇಯರ್ ಮಫ್ ಎಲ್ಲರದ್ದೂ ಸರಿಯಿದೆಯೇ? ಟಿಕ್.

ಸರಿಯಿರಲಿಲ್ಲ. ಗೆನ್ನಾಡಿಯವರದ್ದು ಒಡೆದು, ಒಳಗಿನ ಸ್ಪಂಜು ಉದುರಿಹೋಗಿತ್ತು. ಹೊಸದು ಕೊಡಿಸು ಎಂದು ಕೇಳಿದರು. ನಾನು ಮ್ಯಾನೇಜರನ್ನು ಕೇಳಿದೆ.

"ನೆಕ್ಸ್ಟ್ ಮಂತ್, ಮೇಟ್."

ಮತ್ತೆ ಕೇಳಿದೆ. ಅದೇ ಉತ್ತರ. ಮೂರನೇ ಸಲ ಆತ ಪೆನ್ನು ಕೆಳಗಿಟ್ಟು, "ನಿನಗೆ ಈ ಕೆಲಸ ಬೇಕು ತಾನೆ?" ಎಂದ.

ಮನೆಯಲ್ಲಿ ಕೈಕೂಸು. ತಲೆಯ ಮೇಲೆ ಮಾರ್ಟ್‌ಗೇಜ್. ಟಿಕ್ ಹಾಕಿದೆ. ಹದಿನಾಲ್ಕು ತಿಂಗಳು ಹಾಕಿದೆ. ಗೆನ್ನಾಡಿ ಕಿವಿಗೆ ಹತ್ತಿ ತುರುಕಿಕೊಂಡು ದುಡಿದರು.

ಒಂದು ದಿನ ಬ್ರೇಕ್ ರೂಮಿನಲ್ಲಿ ಕೆಟಲ್ ಕಿರುಚುತ್ತಿತ್ತು. ಅದರ ಪಕ್ಕದಲ್ಲೇ ಬರೆಯುತ್ತಾ ಕೂತಿದ್ದ ಗೆನ್ನಾಡಿ ತಲೆ ಎತ್ತಲಿಲ್ಲ. ಡಾಕ್ಟರ್ ಹೇಳಿದರಂತೆ: ಮೊದಲು ಹೋಗುವುದು ಸಣ್ಣ, ಎತ್ತರದ ಸ್ವರಗಳು. ಹೋದದ್ದು ವಾಪಸ್ ಬರುವುದಿಲ್ಲ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಫಾರ್ಮಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲವಲ್ಲ!

ಆಮೇಲೆ ನನಗೆ ಎಂಜಿನಿಯರ್ ಕೆಲಸ ಸಿಕ್ಕಿತು. ಫ್ಯಾಕ್ಟರಿ ಬಿಟ್ಟೆ. ಸಿಂಫನಿಯೂ ಮುಗಿಯಿತು. ಸಿಡ್ನಿಯಲ್ಲಿ ಟೀಚರ್‌ಗಳು, ನರ್ಸ್‌ಗಳು ಸೇರಿ ಕಟ್ಟಿಕೊಂಡ ಒಂದು ಆರ್ಕೆಸ್ಟ್ರಾ ಅದನ್ನು ನುಡಿಸಲು ಒಪ್ಪಿತು. ಹೋದ ತಿಂಗಳು ಗೆನ್ನಾಡಿ ಫೋನ್ ಮಾಡಿದರು. "ನೀನು ಬರಬೇಕು. ನನಗೆ ಒಂದು ಜೊತೆ ಕಿವಿ ಬೇಕು," ಎಂದು, ನನ್ನ ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟರು. ಕಾದರೂ ಕೇಳಿಸುತ್ತಿತ್ತೇ?

"ಈ ಸಲ ಎಲ್ಲ ಹೇಳ್ಬಿಡ್ತೀನಿ," ಎಂದೆ ಹೆಂಡತಿಗೆ.

"ಹೇಳಿದ್ರೆ ನಿಮ್ಮ ಮನಸ್ಸು ಹಗುರ ಆಗುತ್ತೆ ರೀ. ಅವರಿಗೇನ್ ಸಿಗುತ್ತೆ?" ಎಂದಳು.

ಹಾಲ್‌ನಲ್ಲಿ ಅವರು ಮುಂದಿನ ಕುರ್ಚಿಯ ಬೆನ್ನಿನ ಮೇಲೆ ಅಂಗೈ ಊರಿ ಕೂತರು. ಡ್ರಮ್ ಬಾರಿಸಿದಾಗ, ದೊಡ್ಡ ಪಿಟೀಲುಗಳು ಗುಡುಗಿದಾಗ ಮುಖ ಅರಳುತ್ತಿತ್ತು. ನಲವತ್ತು ನಿಮಿಷವಾದ ಮೇಲೆ ಎಲ್ಲ ವಾದ್ಯಗಳೂ ನಿಂತವು. ಒಬ್ಬಳು ಹುಡುಗಿ ಕೊಳಲೆತ್ತಿದಳು.

ನನಗೆ ಅವರ ಸಂಗೀತ ಗೊತ್ತಿಲ್ಲ. ಆದರೆ ಅದು ಅವರಮ್ಮನ ಶಿಳ್ಳೆ ಎಂದು ಮೊದಲ ಸ್ವರಕ್ಕೇ ತಿಳಿಯಿತು.

"ನುಡಿಸ್ತಿದಾಳಾ?" ಗೆನ್ನಾಡಿ ನನ್ನ ಕೈ ಹಿಡಿದು ಕೇಳಿದರು. ತಮ್ಮ ದನಿ ಎಷ್ಟು ಜೋರು ಎಂದು ಅವರಿಗೆ ತಿಳಿಯುವುದಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿದರು. ನಾನು ತಲೆಯಾಡಿಸಿದೆ.

"ಮೆಲ್ಲಗೆ ನುಡಿಸ್ತಿದಾಳಾ? ಮೆಲ್ಲಗೇ ನುಡಿಸ್ಬೇಕು."

ಮತ್ತೆ ತಲೆಯಾಡಿಸಿದೆ. ಆ ಹುಡುಗಿ ಕೊಳಲು ಇಳಿಸುವ ತನಕ ಅವರು ಅವಳ ತುಟಿಗಳನ್ನೇ ನೋಡುತ್ತಿದ್ದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇವರು ಕೂತೇ ಇದ್ದರು. ಕೆನ್ನೆ ಒದ್ದೆಯಾಗಿತ್ತು.

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ವಾಪಸ್ ಹೊರಟೆವು. ಹೈವೇಗೆ ಬಂದ ಮೇಲೆ ಧೈರ್ಯ ಮಾಡಿ, "ಗೆನ್ನಾಡಿ, ಆ ಇಯರ್ ಮಫ್..." ಎಂದೆ.

"ಏನು?"

ಇನ್ನಷ್ಟು ಜೋರಾಗಿ ಹೇಳಿದೆ. ಹತ್ತಾರು ತಲೆಗಳು ತಿರುಗಿದವು. ಅವರು ಜೇಬಿನಿಂದ ಪುಟ್ಟ ನೋಟ್‌ಬುಕ್ಕೂ ಪೆನ್ಸಿಲೂ ತೆಗೆದು ನನ್ನ ತೊಡೆಯ ಮೇಲಿಟ್ಟು, "ಬರಿ," ಎಂದರು.

ಪೆನ್ಸಿಲ್ ಕೈಗೆತ್ತಿಕೊಂಡೆ. ಕೊನೆಗೆ, ಮುಂದಿನ ಸ್ಟಾಪಿನಲ್ಲಿ ಕಾಫಿ ಕುಡಿಯೋಣವೇ ಎಂದು ಬರೆದೆ. ಓದಿ ನಕ್ಕು, ನನ್ನ ಭುಜ ತಟ್ಟಿದರು.

ಈಗ ಇಲ್ಲಿ ಎಲ್ಲವನ್ನೂ ಬರೆದಿದ್ದೇನೆ, ಅವರಿಗೆ ಓದಲು ಬಾರದ ಭಾಷೆಯಲ್ಲಿ. ಇದನ್ನು ತಪ್ಪೊಪ್ಪಿಗೆ ಅನ್ನುತ್ತೀರೋ, ಹೇಡಿತನ ಅನ್ನುತ್ತೀರೋ?