ದೇವಕಿಯಕ್ಕನ ಮಡಿ ಪ್ಲೇಯರು

ವಜ್ರಳ್ಳಿಯ ದೇವಕಿಯಕ್ಕ ಯಾವ ಯಂತ್ರವನ್ನೂ ವಿಚಾರಣೆಯಿಲ್ಲದೆ ಮನೆಯೊಳಗೆ ಬಿಟ್ಟವಳಲ್ಲ. ಮಿಕ್ಸರು ಒರಳುಕಲ್ಲಿನ ಎದುರಿಗೇ ಚಟ್ನಿ ಅರೆದು ಪರೀಕ್ಷೆ ಕೊಟ್ಟಿತ್ತು. ಕುಕ್ಕರು ಒಂದು ಬೇಸಿಗೆಯಿಡೀ ಹಿತ್ತಿಲಲ್ಲೇ ಸೀಟಿ ಹೊಡೆದಿತ್ತು. ಅಂಥವಳು ೨೦೦೭ರಲ್ಲಿ ಹಾಡಿನ ಪ್ಲೇಯರು ಕೊಳ್ಳಲು ಯಲ್ಲಾಪುರದ ಬಸ್ಸು ಹತ್ತಿದಳೆಂದರೆ ಅಂಗಡಿಯ ಯಾಸೀನನ ಗ್ರಹಚಾರ ಕೇಳಬೇಕೆ?

ಕಾರಣ ದೊಡ್ಡದಿತ್ತು. ಶಿರಸಿಯಲ್ಲಿರುವ ತಮ್ಮ ರಘುಪತಿಯ ಮಗಳ ಮದುವೆ ಹತ್ತಿರ ಬಂದಿತ್ತು. ತೀರಿಹೋದ ಅಮ್ಮ ವೆಂಕಮ್ಮ ಹಾಡಿದ್ದ ಮದುವೆ ಹಾಡುಗಳ ಕ್ಯಾಸೆಟ್ಟನ್ನು ಯಾಸೀನ್ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ಇಳಿಸಿದ್ದೇ ತಡ, ಟೇಪ್‌ರೆಕಾರ್ಡರು ಕ್ಯಾಸೆಟ್ಟನ್ನು ಶಾವಿಗೆಯಂತೆ ಎಳೆದು ನುಂಗಿತು. ಈಗ ಅಮ್ಮನ ದನಿ ಉಳಿದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ. ಅದಕ್ಕೂ ವೈರಸ್ ತಗುಲಿ, ಸದ್ಯದಲ್ಲೇ ಎಲ್ಲ ಅಳಿಸುತ್ತೇನೆಂದು ಯಾಸೀನ್ ಹೇಳಿಕಳಿಸಿದ್ದ.

ಯಾಸೀನ್ ಎರಡು ಪ್ಲೇಯರು ಮುಂದಿಟ್ಟ. ಒಂದು ಹಾಲುಬಿಳಿ, ನುಣ್ಣಗೆ. ಇನ್ನೊಂದು ಕಪ್ಪು, ಅಡಕತ್ತರಿಯಷ್ಟೇ ಚಂದ.

“ಅಕ್ಕಾ, ಬಿಳೇದಕ್ಕೆ ಅದರದ್ದೇ ಸಾಫ್ಟ್‌ವೇರ್ ಬೇಕು. ಒಂದು ಕಂಪ್ಯೂಟರಿನ ನಂಟು ಮಾಡ್ತು ಅಂದ್ರೆ ಇನ್ನೊಂದರ ಹತ್ರ ಸೇರೂದಿಲ್ಲ.”

“ಮಡಿ ಹೇಳು!” ದೇವಕಿಯಕ್ಕನ ಮುಖ ಅರಳಿತು. “ಈ ಕರೇದು?”

“ಅದಕ್ಕೆ ಏನೂ ಬೇಡ. ಯಾವ ಕಂಪ್ಯೂಟರಿಗೆ ವೈರು ಚುಚ್ಚಿದ್ರೂ ಡಬ್ಬಿ ಮುಚ್ಚಳ ತೆಗೆದಂಗೆ. ಹಾಡು ಹಾಕಿ, ಹಾಡು ತೆಗೀರಿ.”

“ಕಂಡಕಂಡಲ್ಲಿ ಉಂಬ ಗಿರಾಕಿ. ಅಮ್ಮ ಜನ್ಮ ಪೂರ್ತಿ ಮಡೀಲಿ ಇದ್ದಿತ್ತು. ಬಿಳೇದೇ ಕೊಡು.”

“ಅದೂ ನನ್ನ ಕಂಪ್ಯೂಟರಿನದ್ದೇ ಉಣ್ಬೇಕಲ್ಲ ಅಕ್ಕಾ?”

“ಮೊದ್ಲ ಊಟ ನಿನ್ನಲ್ಲಿ ಆದ್ರೆ ನಿನ್ನ ಮನೆಯೇ ಮಡಿ. ಬಡಿಸು ಮಾರಾಯಾ.”

ಹೀಗೆ ವೆಂಕಮ್ಮ ಬಿಳಿ ಪಲ್ಲಕ್ಕಿಯಲ್ಲಿ ಶಿರಸಿಗೆ ಬಿಜಯಂಗೈದಳು. ರಘುಪತಿ ಕಂಪ್ಯೂಟರಿನ ಮೇಲಿನ ಕಸೂತಿ ಬಟ್ಟೆ ಸರಿಸಿ, ಯಾಸೀನ್ ಕೊಟ್ಟ ಸಿ.ಡಿ.ಯಿಂದ ಸಾಫ್ಟ್‌ವೇರ್ ತುಂಬಿ, ಹಾಡು ಸ್ಪೀಕರಿನಲ್ಲಿ ಬರಲೆಂದು ಪ್ಲೇಯರಿನ ವೈರು ಚುಚ್ಚಿದ. ಪರದೆ ಏನನ್ನೋ ಕೇಳಿತು.

“ಅಕ್ಕಾ, ಇದು ಬೇರೆ ಕಂಪ್ಯೂಟರಿಂದ ಬಂದಿದ್ದು. ಇದ್ದಿದ್ದೆಲ್ಲ ಅಳಿಸಿ ಇದಕ್ಕೆ ಹೊಂದಿಸಲಾ ಹೇಳಿ ಕೇಳ್ತಾ ಇದ್ದು.”

“ಕೇಳೂದೇ ಸೈ! ಬೇರೆ ಮನೆ ಮುಟ್ಟಿ ಬಂದಿದ್ದು, ಮಿಂದು ಒಳಗೆ ಬತ್ತೆ ಹೇಳ್ತು. ಹೂಂ ಹೇಳಾ!”

ರಘುಪತಿ ಹೂಂ ಒತ್ತಿದ. ಪ್ಲೇಯರು ಮಿಂದಿತು. ಎಂಥ ಸ್ನಾನವೆಂದರೆ, ಮೈಲಿಗೆಯ ಜೊತೆ ವೆಂಕಮ್ಮನೂ ಬಚ್ಚಲ ಪಾಲಾದಳು.

“ಹೋಗ್ಲಿ ಬಿಡೇ ಅಕ್ಕಾ, ಬ್ಯಾಂಡ್ ಸೆಟ್ ತರಿಸ್ತೆ” ಎಂದ ತಮ್ಮ.

“ಬ್ಯಾಂಡಾ? ಅಮ್ಮ ಹಾಡದೇ ಧಾರೆ ಆಗ್ತಿಲ್ಲೆ! ಯಾಸೀನಂಗೆ ಫೋನ್ ಮಾಡು.”

ಫೋನು ಎಂಗೇಜು. ಮತ್ತೆ ಮಾಡಿದರೂ ಎಂಗೇಜು. ದೇವಕಿಯಕ್ಕ ಸೆರಗು ಸಿಕ್ಕಿಸಿದಳು. “ನಾನೇ ಯಲ್ಲಾಪುರಕ್ಕೆ ಹೋಗ್ತೆ.” ಬಸ್ಸಿನಲ್ಲಿ ಸೀಟಿರಲಿಲ್ಲ. ಡ್ರೈವರನ ಬೆನ್ನ ಹಿಂದೆ ನಿಂತು, ದಾರಿಯುದ್ದಕ್ಕೂ ಅವನಿಗೆ ಬಸ್ಸು ಓಡಿಸುವುದನ್ನು ಕಲಿಸಿದಳು.

ಅಂಗಡಿ ಹೊಕ್ಕಾಗ ಯಾಸೀನ್ ಒಂದು ಕಿವಿಗೆ ಫೋನು ಆನಿಸಿಕೊಂಡು, ಅಳಿಸುವ ಸಿ.ಡಿ.ಯನ್ನು ಕಂಪ್ಯೂಟರಿನ ಬಾಯಿಗೆ ಇಡುತ್ತಿದ್ದ.

“ತಡಿಯಾ!” ಬಿಳೇದನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದಳು. “ಕರೇದು ತೆಗಿ. ಎಲ್ಲ ಹಾಡು ತುಂಬು.”

“ಮತ್ತೆ ಮಡಿ, ಅಕ್ಕಾ?” ಯಾಸೀನನ ಮೀಸೆಯಡಿ ನಗು.

“ಮದುವೆ ಹಾಡು ಹೇಳಲೆ ಹೋಗಿ ಅಮ್ಮ ಎಷ್ಟ್ ಮನೇಲಿ ಉಂಡಿದ್ದೋ! ಹಾಡೋರಿಗೆ ಎಂತ ಮಡಿ? ತುಂಬು ಸುಮ್ನೆ.”

ಮದುವೆಯ ದಿನ ಕರಿಯ ಪ್ಲೇಯರು ರಘುಪತಿಯ ಕಂಪ್ಯೂಟರಿಗೆ ವೈರು ಸೇರಿಸಿಕೊಂಡು ಯಾವ ತಕರಾರೂ ಇಲ್ಲದೆ ಎಲೆ ಹಾಕಿಕೊಂಡು ಕೂತಿತು. ಸ್ಪೀಕರಿನಲ್ಲಿ ವೆಂಕಮ್ಮ ಗಂಟಲು ಸರಿಮಾಡಿಕೊಂಡು ಹಾಡು ಎತ್ತಿದಳು. ಹೆಂಗಸರೆಲ್ಲ ದನಿಗೂಡಿಸಿದರು. ಬ್ಯಾಂಡ್ ಎಂದಿದ್ದ ರಘುಪತಿ ಶಲ್ಯದಿಂದ ಕಣ್ಣೊರೆಸುತ್ತ ಕಂಬಕ್ಕೆ ಒರಗಿದ್ದ.

ಧಾರೆ ಮುಗಿದ ಮೇಲೆ ಅವನು ಓಡಿ ಬಂದ. “ಅಕ್ಕಾ, ನಿನ್ನ ಕರೇದು ಯಾಸೀನನ ವೈರಸ್ ತಂದು ಹಾಕಿದ್ದು! ಕಂಪ್ಯೂಟರ್ ಮಲಗ್ಬುಟ್ಟಿದ್ದು!”

ದೇವಕಿಯಕ್ಕ ಪ್ಲೇಯರನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದಳು.

“ಹತ್ತು ಮನೆ ಉಂಡವಕ್ಕೆ ಶೀತ ಆಗದೇ ಇರ್ತಾ? ಈಗ ಮೀಸು ನಿನ್ನ ಕಂಪ್ಯೂಟರ್ನ. ಅಮ್ಮ ನನ್ನ ಹತ್ರ ಇದ್ದು.”