ಮೊದ್ಲು ಆ ಲವ್ ಬಿಡವ್ವ!

“ಫೈವ್–ಲವ್!” ಎಂದು ಅಂಪೈರ್ ಕೂಗಿದ್ದೇ ತಡ, ನನ್ನ ಪಕ್ಕ ಕೂತಿದ್ದ ತಿಪ್ಪೇಸ್ವಾಮಿ ಧಡಕ್ಕನೆ ಎದ್ದರು. ಜಗಳೂರಿನ ಆ ಷಟಲ್ ಫೈನಲ್‌ನಲ್ಲಿ ಆಡುತ್ತಿದ್ದವಳು ಅವರ ಮಗಳು ರೇಣುಕಾ.

“ಹೆಣ್ಮಕ್ಳ ಆಟದಾಗೆ ಲವ್ ಲವ್ ಅಂತಾನಲ್ರೀ! ಮಗಳನ್ನ ಮನೆಗೆ ಕರ್ಕೊಂಡು ಹೋಗ್ತೀನಿ.”

ಕೈ ಹಿಡಿದು ಕೂರಿಸಿದೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಹತ್ತಾರು ಅರ್ಥ, ಈ ಆಟದಲ್ಲಿ ಸೊನ್ನೆ ಎಂದರ್ಥ, ನಿಮ್ಮ ಮಗಳಿನ್ನೂ ಸೊನ್ನೆಯಲ್ಲೇ ಇದ್ದಾಳೆ ಎಂದೆ. ಅವರು ಒಂದು ಕ್ಷಣ ಯೋಚಿಸಿ ಮೈದಾನಕ್ಕೆಲ್ಲ ಕೇಳುವಂತೆ ಕೂಗಿದರು: “ರೇಣಿ, ಮೊದ್ಲು ಆ ಲವ್ ಬಿಡವ್ವ!”

ಎಲ್ಲರೂ ನಕ್ಕರು, ರೇಣುಕಾಳೂ ನಕ್ಕಳು. ಮುಂದಿನ ಪಾಯಿಂಟ್ ಅವಳದೇ, ಕೊನೆಗೆ ಕಪ್ಪೂ ಅವಳದೇ.

ಅಂತಿಮ ಅಂಕಗಳ ಬಗ್ಗೆ ನನ್ನ ನೆನಪನ್ನು ನಂಬಲಾರೆ. ಆದರೆ ಆಟ ಮುಗಿಯುವವರೆಗೂ ಮಗಳಿಗಾಗಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ ಆ ಅಪ್ಪನಿಗೆ, ಲವ್ ಎಂದರೆ ಸೊನ್ನೆ ಎಂದು ಹೇಳಿಕೊಟ್ಟವನು ನಾನೇ.