ನೀರುಮಜ್ಜಿಗೆ ಎಂದು ಬರೆದದ್ದು

ಕಂಡ ಬಸ್ಸು ಹತ್ತಿ, ಅದು ಹೋಗುವ ಕೊನೆಯ ಊರಿನವರೆಗೂ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬರುವುದು ನನ್ನ ಹಳೆಯ ಚಟ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ನಾನು ಕೂರದ ಬಸ್ಸಿಲ್ಲ. ಕೈಯಲ್ಲಿ ಯಾವಾಗಲೂ ಒಂದು ನೋಟುಬುಕ್ಕು. ಮದುವೆಯಾಗದ ಹೆಂಗಸು ಹೀಗೆ ಊರೂರು ಸುತ್ತುವುದನ್ನು ಕಂಡು ಜನ ಏನೇನೋ ಅಂದರು. ಅಂದುಕೊಳ್ಳಲಿ ಎಂದು ಬಿಟ್ಟೆ. ಹಾಗೆ ಸುತ್ತಿದ್ದರಿಂದಲೇ ನಾನು ಲೇಖಕಿಯಾದೆ. ಆದ ಬಗೆ ಮಾತ್ರ ಹೇಳಿಕೊಳ್ಳುವಂಥದ್ದಲ್ಲ, ಇಷ್ಟು ವರ್ಷ ಹೇಳಿಕೊಂಡೂ ಇರಲಿಲ್ಲ.

ಎಪ್ಪತ್ತರ ದಶಕದಲ್ಲಿ ನನಗೆ ಮೊದಲ ಕೆಲಸ ಸಿಕ್ಕಿದ್ದು ಬುಕ್ಕಾಪಟ್ಟಣದ ಹತ್ತಿರ, ಶಿರಾ ರಸ್ತೆಯ ಮೇಲಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ. ನಮ್ಮ ಮನೆ ಮಧುಗಿರಿಯಲ್ಲಿ. ಅಪ್ಪ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು, ನಮ್ಮ ಸಣ್ಣ ಕ್ರೈಸ್ತ ಸಭೆಯ ಹಿರಿಯರಲ್ಲಿ ಒಬ್ಬರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಶಿರಾದಲ್ಲಿ ಬಸ್ಸು ಬದಲಿಸಿ, ಹೊತ್ತು ಮುಳುಗುವ ಮೊದಲು ಮನೆ ಸೇರಿದರೆ ಭಾನುವಾರದ ಆರಾಧನೆ ತಪ್ಪುತ್ತಿರಲಿಲ್ಲ.

ಶಾಲೆಯಿಂದ ಒಂದು ಮೈಲಿಯಾಚೆ, ಕುರುಚಲು ಕಾಡಿನ ಅಂಚಿಗೆ ಗೊಲ್ಲರ ಹಟ್ಟಿ. ಸುತ್ತ ಮುಳ್ಳುಬೇಲಿ, ಒಳಗೆ ಹದಿನೈದಿಪ್ಪತ್ತು ಮನೆ. ಬೇಲಿಯೊಳಗೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ. ಕೋಳಿಯನ್ನಂತೂ ತರುವಂತೆಯೇ ಇಲ್ಲ. ಅವರು ಕೋಳಿ ಸಾಕುವುದೂ ಇಲ್ಲ, ತಿನ್ನುವುದೂ ಇಲ್ಲ. ಅದು ಒಳಗೆ ಕಾಲಿಟ್ಟರೆ ದೇವರಿಗೆ ಮೈಲಿಗೆ. ಆ ಹಟ್ಟಿಯಿಂದ ಹುಡುಗಿಯರಾರೂ ಶಾಲೆಗೆ ಬರುತ್ತಿರಲಿಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನಾನೂ ವಾರಕ್ಕೆರಡು ಸಲ ನಡೆದು ಹೋಗಿ, ತಾಯಿಯಿಲ್ಲದ ಒಬ್ಬ ಹುಡುಗಿಯ ಅಜ್ಜಿಯನ್ನು ಒಪ್ಪಿಸಿದೆ. ನಾನು ಕ್ರೈಸ್ತಳೆಂದು ಅಜ್ಜಿಗೆ ಅಳುಕಿತ್ತು. ತಮ್ಮ ಕಟ್ಟುಪಾಡಿಗೆ ನಾನು ಕೈಹಾಕಬಾರದು ಎಂಬ ಒಂದೇ ಮಾತಿನ ಮೇಲೆ ಮೊಮ್ಮಗಳನ್ನು ಕಳಿಸಿದರು. ಆಗಲಿ ಎಂದು ಮಾತು ಕೊಟ್ಟೆ. ಅವಳ ಓದು ನಿಂತಿದ್ದದ್ದೇ ಆ ಮಾತಿನ ಮೇಲೆ.

ಶಾಲೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಓದಲು ಬೇರೇನೂ ಇರಲಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ಅಂಗಡಿಯಲ್ಲಿ ಸಾಮಾನು ಕಟ್ಟಿಕೊಟ್ಟ ಪೊಟ್ಟಣದ ಕಾಗದವನ್ನು ಯಾರೂ ಬಿಸಾಡುವಂತಿಲ್ಲ. ಸುಕ್ಕು ಬಿಡಿಸಿ, ಮನೆಯವರ ಮುಂದೆ ಗಟ್ಟಿಯಾಗಿ ಓದಿ, ಮರುದಿನ ತರಗತಿಗೆ ತಂದು ಇನ್ನೊಮ್ಮೆ ಓದಬೇಕು. ಈ ಹುಡುಗಿ ಸಾಲಿನ ಕೆಳಗೆ ತೋರುಬೆರಳಿಟ್ಟುಕೊಂಡು ಓದುತ್ತಿದ್ದಳು. ಎರಡು ವರ್ಷ ತುಂಬುವುದರೊಳಗೆ ಕಡಲೆಪುರಿ ಕಟ್ಟಿದ ಕಾಗದದಲ್ಲಿದ್ದ ಸರ್ಕಾರಿ ಪ್ರಕಟಣೆಯನ್ನೂ ತಡವರಿಸದೆ ಓದಿದಳು. ಇನ್‌ಸ್ಪೆಕ್ಟರು ಬಂದಾಗ ಅವಳನ್ನೇ ಮುಂದೆ ನಿಲ್ಲಿಸಿ ಓದಿಸಿ ಬೀಗಿದ್ದೇನೆ.

ಕ್ರಿಸ್ಮಸ್ ಹತ್ತಿರ ಬಂದಿತ್ತು. ಅಪ್ಪನಿಗೆ ನಾಟಿಕೋಳಿ ಸಾರು ಪ್ರಾಣ. ಒಂದು ಶನಿವಾರ ಬುಕ್ಕಾಪಟ್ಟಣದಲ್ಲಿ ಹೇಂಟೆಯೊಂದನ್ನು ಕೊಂಡು, ಕಾಲು ಕಟ್ಟಿ ಚೀಲದಲ್ಲಿಟ್ಟುಕೊಂಡು ಶಿರಾ ಬಸ್ಸು ಹತ್ತಿದೆ. ಹಟ್ಟಿಯ ತಿರುವಿನಲ್ಲಿ ಬಸ್ಸು ಕೆಟ್ಟು ನಿಂತಿತು. ಮಳೆ ಬೇರೆ ಹಿಡಿಯಿತು. ಬಸ್ಸಿನ ಮೇಲ್ಛಾವಣಿ ಸೋರಿ ನಾನು ನೆನೆದು ನಡುಗುತ್ತಿದ್ದೆ. ಸೌದೆ ಹೊತ್ತು ಬರುತ್ತಿದ್ದ ಅಜ್ಜಿ ಕಿಟಕಿಯಲ್ಲಿ ನನ್ನನ್ನು ಕಂಡರು. ಬಸ್ಸು ಸರಿಯಾಗುವವರೆಗೆ ಮನೆಗೆ ಬಾ ಎಂದು ಕೈಹಿಡಿದು ಇಳಿಸಿಕೊಂಡರು.

ಚೀಲದಲ್ಲಿ ಕೋಳಿಯಿದೆ ಎನ್ನಲು ಬಾಯಿ ತೆರೆದೆ. ಹೇಳಿದರೆ ಏನಂದುಕೊಳ್ಳುತ್ತಾರೋ ಎಂದು ಮುಚ್ಚಿಕೊಂಡೆ. ಬೇಲಿಯ ಬಳಿ ಚಪ್ಪಲಿ ಬಿಟ್ಟೆ, ಚೀಲ ಬಿಡಲಿಲ್ಲ. ಅಜ್ಜಿ ಒಲೆಯ ಮುಂದೆ ಕೂರಿಸಿ, ಬೆಲ್ಲ ಹಾಕಿ ಕಾಯಿಸಿದ ಹಾಲು ಕೊಟ್ಟರು. ಮನೆಯಲ್ಲಿ ಕರೆಯುತ್ತಿದ್ದುದು ಒಂದೇ ಹಸು. ಆ ಹೊತ್ತಿನ ಹಾಲಷ್ಟೂ ನನ್ನ ಲೋಟಕ್ಕೆ ಬಿತ್ತೆಂದು ಮೊಮ್ಮಗಳ ಮುಖ ನೋಡಿಯೇ ತಿಳಿಯಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಕುಡಿದೆ. ಕೋಳಿ ಒಂದು ಸಲವೂ ಸದ್ದು ಮಾಡಲಿಲ್ಲ. ಬಸ್ಸಿನ ಹಾರ್ನ್ ಕೇಳಿತು, ಎದ್ದು ಹೊರಟೆ.

ಯಾರಿಗೂ ತಿಳಿಯಲಿಲ್ಲ ಎಂಬ ಧೈರ್ಯವೇ ನನ್ನನ್ನು ಕೆಡಿಸಿದ್ದು. ರಜೆಯಲ್ಲಿ ಕೂತು ಅದನ್ನೇ ತಮಾಷೆಯಾಗಿ ಬರೆದೆ. ಕಟ್ಟುಪಾಡಿನ ಹಟ್ಟಿ, ಕಣ್ತಪ್ಪಿಸಿ ಒಳಹೊಕ್ಕ ಕೋಳಿ, ಮಹಾ ಜಾಣೆಯಾದ ಟೀಚರು. ಹಳ್ಳಿಯ ಹೆಸರು ಹಾಕಿದೆ, ಅಜ್ಜಿಯ ಕೈಯ ತಾಮ್ರದ ಕಡಗವನ್ನೂ ಬಿಡಲಿಲ್ಲ. ಹಾಲು ಎಂದು ಬರೆದರೆ ಯಾರು ನಗುತ್ತಾರೆ? ಅದನ್ನು ನೀರುಮಜ್ಜಿಗೆ ಮಾಡಿದೆ. ‘ಆ ನೀರಿನಲ್ಲಿ ಮಜ್ಜಿಗೆಯನ್ನು ಹುಡುಕಿ ಹುಡುಕಿ ಕುಡಿದೆ’ ಎಂದು ಒಂದು ವಾಕ್ಯ. ತುಮಕೂರಿನ ಒಂದು ವಾರಪತ್ರಿಕೆ ಅದನ್ನು ಅಚ್ಚು ಹಾಕಿತು. ಆರಾಧನೆ ಮುಗಿದ ಮೇಲೆ ಅಪ್ಪ ಪತ್ರಿಕೆಯನ್ನು ಎಲ್ಲರ ಕೈಗೂ ಕೊಟ್ಟರು. ಎಲ್ಲರೂ ಆ ಮಜ್ಜಿಗೆಯ ವಾಕ್ಯವನ್ನು ಹೇಳಿ ಹೇಳಿ ನಕ್ಕರು. ನನಗೆ ಕಾಲು ನೆಲದ ಮೇಲಿರಲಿಲ್ಲ. ಮುಚ್ಚುಮರೆಯೇಕೆ, ಅಷ್ಟು ಸಂತೋಷ ಆಮೇಲೆ ಯಾವ ಪುಸ್ತಕದಿಂದಲೂ ನನಗೆ ಬರಲಿಲ್ಲ.

ಎರಡು ತಿಂಗಳ ಮೇಲೆ ಆ ಪತ್ರಿಕೆ ರದ್ದಿಯಾಗಿ ನಮ್ಮ ಹಳ್ಳಿಯ ಅಂಗಡಿಗೇ ಬಂತು. ಹುಡುಗಿ ಹುರಿಗಡಲೆಯ ಪೊಟ್ಟಣ ಬಿಚ್ಚಿ, ನಾನು ಕಲಿಸಿದ್ದಂತೆಯೇ, ಅಜ್ಜಿಯ ಮುಂದೆ ಕೂತು ಗಟ್ಟಿಯಾಗಿ ಓದಿದಳು. ಊರಿನ ಹೆಸರು, ಟೀಚರ ಹೆಸರು ಕಂಡು ಹಿಗ್ಗಿನಿಂದ ಶುರು ಮಾಡಿದಳಂತೆ. ಅಕ್ಕಪಕ್ಕದವರೂ ಬಂದು ಕೂತರಂತೆ. ನಡುವೆ ನಿಲ್ಲಿಸಲು ನೋಡಿದಾಗ, ಪೂರ್ತಿ ಓದು ಎಂದವರು ಅಜ್ಜಿಯೇ.

ಮರುದಿನ ಹುಡುಗಿ ಶಾಲೆಗೆ ಬರಲಿಲ್ಲ. ಹಟ್ಟಿಗೆಲ್ಲ ಗಂಜಲ ಚಿಮುಕಿಸಿ, ದೇವರನ್ನು ತೊಳೆಸಿ ತಂದು ಶುದ್ಧ ಮಾಡಿದರು. ನನ್ನನ್ನು ಕರೆತಂದ ತಪ್ಪಿಗೆ ಅಜ್ಜಿಯನ್ನು ಒಂಬತ್ತು ದಿನ ಬೇಲಿಯಾಚೆಯ ಗುಡಿಸಲಿನಲ್ಲಿ ಇರಿಸಿದರು. ನನ್ನ ಕಾಲ ಮೇಲೆ ಚಪ್ಪಡಿ ಎಳೆದುಕೊಂಡಿದ್ದರೆ ನಾನು ಅನುಭವಿಸಬಹುದಿತ್ತು. ನಾನು ಎಳೆದದ್ದು ಆ ಮುದುಕಿಯ ಕಾಲ ಮೇಲೆ.

ಸುದ್ದಿ ತಿಳಿದ ದಿನವೇ ಹೋಗಿ ಗುಡಿಸಲಿನ ಮುಂದೆ ನಿಂತೆ. ತಪ್ಪಾಯಿತು ಎಂದೆ. ಅಜ್ಜಿ ಬೈಯಲಿಲ್ಲ.

“ಕೋಳಿ ಐತೆ ಅಂತ ಒಂದ್ ಮಾತು ಅಂದಿದ್ರೆ ಆ ಜಾಲಿ ಮರಕ್ಕೆ ಕಟ್ಟಾಕಿ ನಿನ್ನ ಒಳೀಕೆ ಕರ್ಕೊಂಡು ಹೋಗ್ತಿದ್ದೆ. ಅದು ಅಂಗಿರ್ಲಿ. ನಾನು ಕೊಟ್ಟಿದ್ದು ಹಾಲು ಕಣಮ್ಮ. ನೀರ್ಮಜ್ಜಿಗೆ ಅಂತ ಯಾಕೆ ಬರ್ದ್‌ಬುಟ್ಟೆ?”

ನಗಿಸುವುದಕ್ಕೆ ಎಂದು ಹೇಳದೆ ಮಾತು ಬದಲಿಸಿದೆ. ಹುಡುಗಿಯನ್ನು ಮಾತ್ರ ಶಾಲೆ ಬಿಡಿಸಬೇಡಿ ಎಂದು ಬೇಡಿಕೊಂಡೆ. ಅವಳು ನಾಳೆಯಿಂದ ಕುರಿಯ ಹಿಂದೆ ಹೋಗುತ್ತಾಳೆ, ಓದಿದ್ದು ಸಾಕು ಎಂದರು. ಹುಡುಗಿ ಬೇಲಿಯ ಒಳಗೆ ನಿಂತು ನನ್ನನ್ನು ನೋಡುತ್ತಿದ್ದಳು. ನಾನು ತಲೆ ಎತ್ತಲಿಲ್ಲ.

ಹಾಲು ಕೊಟ್ಟಿದ್ದರು, ತಪ್ಪು ಬರೆದೆ ಎಂದು ಪತ್ರಿಕೆಗೆ ಕಾಗದ ಹಾಕಿದೆ. ಸಂಪಾದಕರಿಂದ ಕಾರ್ಡು ಬಂತು: ಓದುಗರು ಮೆಚ್ಚಿದ್ದಾರೆ, ತಿದ್ದುಪಡಿ ಬೇಕಿಲ್ಲ, ಇಂಥದೇ ಇನ್ನೊಂದು ಕಳಿಸಿ. ಕಳಿಸಿದೆ ಕೂಡ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಎಂಬತ್ತರ ದಶಕಕ್ಕೆ ಕೊರಟಗೆರೆಗೆ ವರ್ಗವಾಗಿತ್ತು. ಬಸ್ಸಿನ ಪ್ರಯಾಣದ ಬರಹಗಳೆಲ್ಲ ಸೇರಿ ನನ್ನ ಮೊದಲ ಪುಸ್ತಕ ಆಗುವುದರಲ್ಲಿತ್ತು. ಕರಡು ತಿದ್ದಲು ನನಗೇ ಕೊಟ್ಟಿದ್ದರು. ಕೋಳಿಯ ಬರಹದಲ್ಲಿ ಹಳ್ಳಿಯ ಹೆಸರು ಹೊಡೆದುಹಾಕಿದೆ, ಕಡಗ ತೆಗೆದೆ. ಮಜ್ಜಿಗೆಯ ವಾಕ್ಯದ ಮೇಲೆ ಪೆನ್ನು ನಿಂತಿತು. ಎಲ್ಲರೂ ಹೊಗಳಿದ ವಾಕ್ಯ. ಹೆಸರೇ ಇಲ್ಲದ ಮೇಲೆ ಯಾರಿಗೆ ನೋವು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಹಾಗೇ ಬಿಟ್ಟೆ.

ಪುಸ್ತಕ ಬಂದ ವರ್ಷ ಪಾವಗಡದಲ್ಲಿ ಹತ್ತು ದಿನದ ತರಬೇತಿ. ಭಾನುವಾರ ಚಟ ಬಿಡದೆ ವಳ್ಳೂರಿನ ಬಸ್ಸು ಹತ್ತಿದೆ. ಆ ಕಡೆ ಕಂಡಕ್ಟರು ಟಿಕೆಟ್ ಕೇಳುವುದೇ ತೆಲುಗಿನಲ್ಲಿ. ಇಳಿದು ಬೇವಿನ ಮರದ ಕೆಳಗೆ ನಿಂತಿದ್ದೆ. ಕಂಕುಳಲ್ಲಿ ಮಗು ಎತ್ತಿಕೊಂಡು, ಕುರಿಗಳನ್ನು ತೆಲುಗಿನಲ್ಲಿ ಗದರಿಸುತ್ತ ಬಂದ ಹೆಂಗಸೊಬ್ಬಳು ನನ್ನನ್ನು ದಿಟ್ಟಿಸಿ ನಿಂತಳು. ಗುರುತು ಹಿಡಿದದ್ದು ಅವಳೇ. ಆ ಊರಿಗೆ ಮದುವೆ ಮಾಡಿಕೊಟ್ಟಿದ್ದರಂತೆ. ಅಜ್ಜಿ ತೀರಿಕೊಂಡು ಎರಡು ವರ್ಷವಾಯಿತಂತೆ. ಮುನಿಸೇನೂ ಇರಲಿಲ್ಲ, ಅಷ್ಟು ವರ್ಷದ ಮೇಲೂ ಟೀಚರ್ ಎಂದೇ ಕರೆದಳು.

“ಹಾಲು ಅಂತ ತಿದ್ದಿದ್ರಾ ಟೀಚರ್? ಅಜ್ಜಿ ಸಾಯೋಗಂಟ ಕೇಳ್ತಿತ್ತು.”

ನನ್ನ ಕೈಚೀಲದಲ್ಲಿ ಪುಸ್ತಕದ ಒಂದು ಪ್ರತಿ ಇತ್ತು. ತೆಗೆದೆ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವಳ ಎದುರಿಗೇ ಪುಟ ತೆರೆದು, ಆ ವಾಕ್ಯವನ್ನು ಪೂರ್ತಿ ಹೊಡೆದು, ಮೇಲೆ ‘ಬೆಲ್ಲ ಹಾಕಿ ಕಾಯಿಸಿದ ಹಾಲು ಕೊಟ್ಟರು’ ಎಂದು ಬರೆದು ಅವಳ ಕೈಗಿಟ್ಟೆ. ಅವಳು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ತೋರುಬೆರಳನ್ನು ಸಾಲಿನ ಕೆಳಗಿಟ್ಟು, ಗಟ್ಟಿಯಾಗಿ ಓದಿದಳು. ಒಂದು ಅಕ್ಷರವೂ ತಪ್ಪಲಿಲ್ಲ. ನನಗೆ ಅಳು ಬಂತು.

ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ ಕೇಳಿದಳು: “ಇದ್ರಾಗೆ ತಿದ್ದಿದ್ರಿ. ಮಿಕ್ಕಿದ್ ಬುಕ್ಕು?”

ಮಿಕ್ಕ ಪ್ರತಿಗಳು ಯಾರ ಯಾರ ಮನೆಯಲ್ಲಿವೆಯೋ ನನಗೆ ತಿಳಿಯದು. ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಪೆನ್ನು ತೆಗೆದುಕೊಂಡು ಆ ವಾಕ್ಯವನ್ನು ಹೊಡೆದುಹಾಕಿ. ಆ ದಿನ ಅಜ್ಜಿ ನನಗೆ ಕೊಟ್ಟದ್ದು ಹಾಲು.